ಕುರ್ಚಿಯ ಮೇಲಿನ ವೂಫರ್

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹೊನ್ನೂರು ಬಸ್ಸಿಗೆ ಕಾದು ಕಾದು ಅನ್ನಮ್ಮನಿಗೆ ತೂಕಡಿಕೆ ಹತ್ತಿತ್ತು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಇಬ್ಬರು ಯುವಕರು ಕೂತಿದ್ದರು. ಒಬ್ಬನ ತಲೆ ಆಗಷ್ಟೇ ಬೋಳಿಸಿದ್ದು. ಅವನ ಜೊತೆಗಾರ ಕೇಳಿದ:

"ಯಶವಂತ, ವೂಫರ್ ಸ್ಪೀಕರ್ ಎಲ್ಲಿಟ್ರೆ ಬಾಸಿನ ದಪ್ಪ ಸದ್ದು ಚೆನ್ನಾಗಿ ಬರತ್ತೆ ಅಂತ ನೋಡಿದ್ಯಾ?"

"ನೋಡ್ದೆ. ನೀ ಹೇಳಿದಂಗೇ, ಕೂತು ಕೇಳೋ ಜಾಗದಲ್ಲಿ ಅದನ್ನಿಟ್ಟು, ಹಾಡು ಹಾಕಿ, ರೂಮೆಲ್ಲ ಸುತ್ತಿದೆ."

"ಕೂತು ಕೇಳೋ ಜಾಗ ಅಂದ್ರೆ?"

"ಅಪ್ಪಯ್ಯನ ಬೆತ್ತದ ಕುರ್ಚಿ. ವೂಫರ್ ಅವ್ರಿಗೆ ಅಂತಲೇ ತಂದಿದ್ದಲ್ಲ ಮಾರಾಯ."

"ಹ್ಞೂಂ. ಬಾಸ್ ಎಲ್ಲಿ ಚೆನ್ನಾಗಿ ಕೇಳ್ತು?"

"ಬಾಗಿಲ ಮೂಲೇಲಿ. ಎದೆಗೆ ಗುದ್ದಿದಂಗೆ."

"ಹಂಗಾದ್ರೆ ವೂಫರ್ ಆ ಮೂಲೇಲೇ ಇಡು, ಕುರ್ಚೀಲಿ ಕೂತೋರಿಗೂ ಹಂಗೇ ಕೇಳತ್ತೆ. ಮುಗೀತು."

"ಇಡಣ ಅಂತ ಎತ್ತಿದೆ. ಅಮ್ಮ ಬೇಡ ಅಂದ್ರು. ಕುರ್ಚಿ ಮೇಲೇ ಇರ್ಲಿ ಅಂದ್ರು."

"ಎಂತಕ್ಕೆ?"

ಯಶವಂತ ಎದುರಿಗೆ ನಿಂತ ಬಸ್ಸಿನ ಬೋರ್ಡನ್ನು ಸುಮ್ಮನೆ ಓದುತ್ತಿದ್ದ.

"ಬಾಸ್ ಹೊಡೆದಾಗೆಲ್ಲ ಕುರ್ಚಿ ಕಿರುಗುಟ್ಟತ್ತೆ. ಅಪ್ಪಯ್ಯ ಕೂತಿದ್ದಾಗಿನಂಗೆ."

ಅಷ್ಟರಲ್ಲಿ ಕಮ್ಮರಡಿ ಬಸ್ಸು ಬಂತು.

"ಏಳು, ಸೀಟು ಸಿಗಲ್ಲ ಆಮೇಲೆ," ಎಂದ ಯಶವಂತ.

ಇಬ್ಬರೂ ಎದ್ದಾಗ ಹಳೆಯ ಬೆಂಚು ಕಿರುಗುಟ್ಟಿತು. ತೂಕಡಿಕೆ ಯಾವಾಗಲೋ ಹಾರಿದ್ದರೂ ಅನ್ನಮ್ಮ ಅತ್ತ ತಿರುಗಲಿಲ್ಲ; ತಿರುಗದಿದ್ದರೆ ಅಲ್ಲಿ ಯಾರೋ ಇನ್ನೂ ಕೂತಂತೆಯೇ ಇತ್ತು.