ಒಂದು ಸರ, ಐದು ಸುದ್ದಿ

ಬೊಮ್ಮಕ್ಕನವರೇ, ಪಾಲಯ್ಯನವರ ಬಂಧುಗಳೇ, ಊರಿನ ಹಿರಿಯರೇ, ಪತ್ರಿಕೆಯ ಗೆಳೆಯರೇ — ಈ ಶ್ರದ್ಧಾಂಜಲಿ ಸಭೆಗೆ ಬಂದ ಎಲ್ಲರಿಗೂ ನಮಸ್ಕಾರ.

ಪಾಲಯ್ಯ ಇಪ್ಪತ್ತೆರಡು ವರ್ಷ ಹಿರೇಗುಂಟನೂರು ಹೋಬಳಿಯಿಂದ ನಮ್ಮ ಪತ್ರಿಕೆಗೆ ಸುದ್ದಿ ಕಳಿಸಿದವರು. ಚಿತ್ರದುರ್ಗದ ಕಚೇರಿಯಲ್ಲಿ ಕೂತು ಅದಕ್ಕೆ ಶೀರ್ಷಿಕೆ ಕೊಡುತ್ತಿದ್ದವನು ನಾನು. ಅವರನ್ನು ಹೊಗಳಲು ಬೇರೆಯವರಿದ್ದಾರೆ. ನಾನು — ಒಂದು ತಪ್ಪು ಒಪ್ಪಿಕೊಳ್ಳಲು ಬಂದಿದ್ದೇನೆ.

ತೊಂಬತ್ತೆಂಟನೇ ಇಸವಿ. ಸಂತೆ ಮುಗಿಸಿ ಈ ಊರಿಗೆ ನಡೆದು ಬರುತ್ತಿದ್ದ ತಿಪ್ಪಕ್ಕನವರ ಕೊರಳ ಸರವನ್ನು ಬೈಕಿನಲ್ಲಿ ಬಂದವನೊಬ್ಬ ಕಿತ್ತುಕೊಂಡು ಹೋದ. ಪಾಲಯ್ಯ ಬರೆದದ್ದು ಆರು ಸಾಲು. ನಾನು ಮುಖಪುಟಕ್ಕೆ ಹಾಕಿದೆ — 'ಸರಗಳ್ಳರ ಹಾವಳಿ'. ಕಳ್ಳ ಒಬ್ಬ, ನಾನು 'ಕಳ್ಳರ' ಎಂದೆ. ಮರುದಿನ 'ಮಹಿಳೆಯರಲ್ಲಿ ಆತಂಕ'. ಅದರ ಮರುದಿನ 'ಪೊಲೀಸರು ಎಲ್ಲಿ?' ಹೀಗೆ ಐದು ದಿನ. ಪತ್ರಿಕೆ ಚೆನ್ನಾಗಿ ಖರ್ಚಾಯಿತು.

ಆರನೇ ದಿನ ಕಳ್ಳ ಸಿಕ್ಕಿಬಿದ್ದ, ಸರವೂ ಸಿಕ್ಕಿತು. ಪಾಲಯ್ಯ ಓಡೋಡಿ ಬಂದು ಬರೆದುಕೊಟ್ಟರು. ನಾನು ಒಳಪುಟದ ಮೂಲೆಯಲ್ಲಿ ಎರಡು ಸಾಲು ಹಾಕಿದೆ.

ತಾಲ್ಲೂಕು ಸಭೆಯಲ್ಲಿ ಎಲ್ಲರ ಬಾಯಲ್ಲೂ ಸರಗಳ್ಳರೇ. ಕಳ್ಳ ಸಿಕ್ಕಿದನೇ ಎಂದು ಒಬ್ಬರೂ ಕೇಳಲಿಲ್ಲ. ಇಲ್ಲಿ, ಈ ಊರಲ್ಲಿ, ತೀರ್ಮಾನವಾಯಿತು: ಹುಡುಗಿಯರು ಹೈಸ್ಕೂಲಿಗೆ ನಡೆದು ಹೋಗುವುದು ಬೇಡ. ಹನ್ನೊಂದು ಹುಡುಗಿಯರು ಮನೆಯಲ್ಲಿ ಉಳಿದರು.

ಪಾಲಯ್ಯ ನನ್ನ ಮೇಜಿನ ಮುಂದೆ ಬಂದು ನಿಂತರು. "ಸಾರ್, ಕಳ್ತನ ಆಗಿದ್ದು ಒಂದು. ನಮ್ಮೂರ ಜನ ಐದು ಅಂತ ತಿಳ್ಕಂಡೈದಾರೆ. ಕಳ್ಳ ಸಿಕ್ಕಿದ್ದನ್ನ ದೊಡ್ಡದಾಗಿ ಹಾಕ್ರಿ."

"ಅದು ಹಳೇ ಸುದ್ದಿ ಆಯ್ತಲ್ಲಪ್ಪ," ಎಂದೆ.

ಅವರು ಜಗಳವಾಡಲಿಲ್ಲ. ಆ ಎರಡು ಸಾಲನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಮನೆಮನೆಗೆ ಹೋದರು. "ನೋಡ್ರಿ, ಕಳ್ಳ ಜೈಲಿನಾಗೈದಾನೆ. ಹುಡುಗೀರ್ನ ಕಳಿಸ್ರಿ."

ಅವರ ಸ್ವಂತ ಅಕ್ಕ ಓಬಮ್ಮ ಆ ಚೂರನ್ನು ನೋಡಿ ಕೇಳಿದರಂತೆ — "ಇಷ್ಟು ಸಣ್ಣಕೆ ಐತಲ್ಲೋ ಪಾಲಯ್ಯ. ನಿಜ ಆಗಿದ್ರೆ ದೊಡ್ಡದಾಗಿ ಹಾಕ್ತಿರ್ಲಿಲ್ವಾ?"

ಏಳು ಹುಡುಗಿಯರು ಶಾಲೆಗೆ ಮರಳಿದರು. ನಾಲ್ವರು ಮರಳಲಿಲ್ಲ. ಅವರಲ್ಲೊಬ್ಬಳು ಓಬಮ್ಮನವರ ಮಗಳು ಜುಂಜಮ್ಮ. ಒಂಬತ್ತನೇ ತರಗತಿ. ಇದು ನನಗೆ ಗೊತ್ತಾದದ್ದು ನಿನ್ನೆ, ಪಾಲಯ್ಯನವರ ಪತ್ನಿ ಬೊಮ್ಮಕ್ಕನವರಿಂದ. ಅಷ್ಟು ವರ್ಷ ಎದುರಿಗೆ ಕೂತು ಟೀ ಕುಡಿದ ಮನುಷ್ಯ — ಈ ಬಗ್ಗೆ ಒಂದು ಮಾತು ಆಡಲಿಲ್ಲ.

ಜುಂಜಮ್ಮ, ನೀವು ಆ ಕಂಬದ ಹತ್ತಿರ ಕೂತಿದ್ದೀರಿ. ತಪ್ಪು ನನ್ನದು, ತಾಯಿ. ನಿಮ್ಮ ಸೋದರಮಾವ ಸರಿಯಾಗಿಯೇ ಬರೆದಿದ್ದರು. ಇದನ್ನು ಅವರ ಮುಂದೆ ಹೇಳಬೇಕಿತ್ತು — ಹೇಳಲಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಪಾಲಯ್ಯನವರಿಗಾಗಿ ಒಂದು ನಿಮಿಷ ಸುಮ್ಮನಿರೋಣ.