ಲಾವೋಸಿನಿಂದ ಬಂದ ಸುದ್ದಿ

ನಾಗಸಾಕಿಯ ಹಡಗುಕಟ್ಟೆಯ ಸಾಲಿನಲ್ಲಿ ನಿಂತಿದ್ದ ಮೀನು ಮಾರುವ ಮಿತ್ಸುಯೆಯ ಕಿವಿಗೆ ಮುಂದಿದ್ದ ಅಜ್ಜಿ, ಮೊಮ್ಮಗಳ ಮಾತು ಬಿತ್ತು.

“ಲಾವೋಸಿಂದ ಬಂದಾಗಿಂದ ಯಾಕೆ ಹೀಗಿದೀಯ, ಚಿನಾತ್ಸು?”

“ಅಲ್ಲಿ ಆಸ್ಪತ್ರೇಲಿ ಒಂದು ಮಗುಗೆ ನೆಗಡಿ ಜ್ವರ ಅಂದ್ಬಿಟ್ಟೆ ಅಜ್ಜಿ. ಮಲೇರಿಯಾ ಆಗಿತ್ತು. ನಾನು ಹೊರಡೋವಾಗ್ಲೂ ಕಣ್ಣು ಬಿಟ್ಟಿರಲಿಲ್ಲ.”

“ನೀನಿನ್ನೂ ಡಾಕ್ಟ್ರಿಕೆ ಕಲೀತಿರೋಳು. ದೊಡ್ಡ ಡಾಕ್ಟ್ರು ಇರಲಿಲ್ವಾ?”

“ಅವರೇ ಕಂಡುಹಿಡಿದ್ರು. ಅಷ್ಟರಲ್ಲಿ ಒಂದು ದಿನ ಕಳೆದಿತ್ತು.”

ಆಗ ಚಿನಾತ್ಸುವಿನ ಮೊಬೈಲು ಸದ್ದು ಮಾಡಿತು. ಬಂದ ಸಂದೇಶ ಓದಿ ಹುಡುಗಿ ಅಲ್ಲೇ ಕುಸಿದು ಕುಳಿತಳು. ಮಿತ್ಸುಯೆಯೂ ಒಂದು ಹೆಜ್ಜೆ ಮುಂದೆ ಬಂದಳು.

“ಏನಾಯ್ತೇ?” ಅಜ್ಜಿ ಬಗ್ಗಿ ಕೇಳಿದಳು.

“ಮಗು ಎದ್ದು ಕೂತಿದೆಯಂತೆ! ನರ್ಸಮ್ಮನ ಕನ್ನಡಕ ಕಿತ್ಕೊಂಡು ಕೊಡ್ತಾನೇ ಇಲ್ವಂತೆ!”

“ಹಾಗಾದ್ರೆ ನೀನೂ ಏಳು, ಹಡಗು ಬಂತು.”

“ಇನ್ಮೇಲೆ ಅಲ್ಲಿ ಯಾರಿಗೆ ಜ್ವರ ಬಂದ್ರೂ ಮೊದ್ಲು ರಕ್ತ ಪರೀಕ್ಷೆ ಮಾಡಿಸ್ತೀನಿ.”

“ಮತ್ತೆ ಹೋಗ್ತೀಯಾ?”

“ಹೋಗ್ಬೇಕಲ್ಲಜ್ಜಿ.”

“ಹೋಗುವಿಯಂತೆ. ಈಗ ಕಣ್ಣೊರೆಸ್ಕೋ, ಮೆಟ್ಟಿಲು ಕಾಣಲ್ಲ,” ಎನ್ನುತ್ತ ಅಜ್ಜಿ ಅವಳ ಕೈಹಿಡಿದು ಹಡಗು ಹತ್ತಿದಳು.