ದುಬೈಯ ಖಾಲಿ ಬಾಟ್ಲಿ

೧೯೮೧ರ ಒಂದು ಮಧ್ಯಾಹ್ನ ಉಡುಪಿ ಬಸ್‌ನಿಲ್ದಾಣದಲ್ಲಿ ಕಾಪುವಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಓರಗಿತ್ತಿಯರಿಬ್ಬರು ಬ್ಯಾರಿ ಭಾಷೆಯಲ್ಲಿ ಮಾತಾಡುತ್ತಿದ್ದರು. ನನಗೆ ಅರ್ಥವಾದಂತೆ ಬರೆದಿದ್ದೇನೆ.

“ಅತ್ತೆಯ ಎದೆನೋವಿನ ಮಾತ್ರೆ ಸಿಕ್ಕಿತಾ?” ಎಂದಳು ಕಿರಿಯವಳು ಶರೀಫಾ. ಅವಳ ಮಡಿಲಲ್ಲಿ ಮಗು ಮಲಗಿತ್ತು.

“ಉಡುಪಿಯ ಒಂದು ಅಂಗಡಿಯಲ್ಲೂ ಇಲ್ಲ. ನೀನಿಲ್ಲಿ ಕೂತಿದ್ದೆ, ನಾನು ಮಣಿಪಾಲಕ್ಕೆ ಹೋಗಿ ತಂದೆ,” ಎಂದಳು ಹಿರಿಯವಳು ನೆಬಿಸ.

“ಬರುವ ತಿಂಗಳು ಇವರು ದುಬೈಯಿಂದ ಕಳಿಸ್ತಾರಂತೆ.”

“ಅಲ್ಲಿಯವರೆಗೆ ಅತ್ತೆಯ ಎದೆ ಕಾಯ್ತದಾ?”

ಶರೀಫಾ ಮಗುವಿನ ಟೊಪ್ಪಿ ಸರಿಮಾಡಿದಳು.

“ನಿನ್ನ ಗಂಡ ಕಳಿಸಿದ ಮಾತ್ರೆಯ ಬಾಟ್ಲಿ ಖಾಲಿಯಾಗಿ ಉಂಟಲ್ಲ, ಮನೆಗೆ ಹೋದ ಮೇಲೆ ಅದನ್ನು ಕೊಡು,” ಎಂದಳು ನೆಬಿಸ.

“ಎಂತಕ್ಕೆ?”

“ಈ ಪೊಟ್ಟಣ ಬಿಚ್ಚಿ ಮಾತ್ರೆ ಅದರಲ್ಲಿ ಹಾಕ್ತೇನೆ. ಇಲ್ಲಿಯ ಮಾತ್ರೆ ಅಂತ ಗೊತ್ತಾದರೆ ಅವರು ನುಂಗುವುದಿಲ್ಲ.”

“ನೀವೇ ಅಲೆದು ತಂದದ್ದು ಅಂತ ನಾನು ಹೇಳ್ತೇನೆ.”

“ಹೇಳಿದರೆ ಉಗುಳ್ತಾರೆ.”

ಬಸ್ ಬಂತು. ನೆಬಿಸ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು.

“ನುಂಗಿದ ಮೇಲೆ ಅವರು ಕೈ ಎತ್ತಿ ನಿನ್ನ ಗಂಡನಿಗೆ ದುಆ ಮಾಡ್ತಾರಲ್ಲ, ಆಗ ಮಾತ್ರ ನೀನು ಆ ಕೋಣೆಯಲ್ಲಿ ನನ್ನ ಕಣ್ಣೆದುರು ನಿಲ್ಲಬೇಡ.”